ಏಳನೇ ಸೀಟಿನ ಪರದೆ

ಫಿರೋಜಾ ಬಂದದ್ದು ಗುರುವಾರ ಬೆಳಿಗ್ಗೆ. ಜಗಲಿಯ ಮೇಲೆ ಕೂರಲಿಲ್ಲ, ಚಪ್ಪಲಿ ಬಿಡಲಿಲ್ಲ. ಕೃಷ್ಣಮ್ಮ ಎರಡು ಸಲ ಕೂತುಕೋ ಅಂದ ಮೇಲೂ ಕಂಬ ಹಿಡಿದುಕೊಂಡೇ ನಿಂತಿದ್ದಳು. ಮಹಡಿಯ ಮೇಲೆ ಬಾಡಿಗೆಗಿದ್ದ ಅನಂತರಾಜು ಮೇಷ್ಟ್ರು ಪೇಪರಿಗೆಂದು ಇಳಿಯುತ್ತಿದ್ದವರು, ಅವಳನ್ನು ಕಂಡು ಮೂರನೇ ಮೆಟ್ಟಿಲಲ್ಲೇ ನಿಂತುಬಿಟ್ಟರು.

"ನನ್ ಮಗಳ್ನ ಕಳ್ಳಿ ಅಂದವ್ರೆ ಕೃಷ್ಣಮ್ಮೋರೆ," ಅಂದಳು ಫಿರೋಜಾ. "ನನ್ ನೂಲು ನೀವು ಇಪ್ಪತ್ ವರ್ಷ ನೋಡಿದೀರ. ಒಂದ್ ದಿನಾನಾದ್ರೂ ಕಳಪೆ ನೂಲು ಒಳ್ಳೇದ್ರಲ್ಲಿ ಸೇರ್ಸಿ ತಂದಿದ್ನಾ?"

"ಒಂದ್ಸಲ ತಂದಿದ್ದೆ. ಅವತ್ತೇ ಹಿಡ್ದಿದ್ದೆ. ಆಮೇಲೆ ತರ್ಲಿಲ್ಲ. ಕೂತ್ಕೊ."

ಆಗ ಕೂತಳು.

ಕೃಷ್ಣಮ್ಮ ರಾಮನಗರದ ರೇಷ್ಮೆ ಪರೀಕ್ಷೆಯ ಕೊಠಡಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ಕಪ್ಪು ಹಲಗೆಗೆ ನೂಲು ಸುತ್ತಿ, ಎಲ್ಲಿ ದಪ್ಪ ಎಲ್ಲಿ ಸಣ್ಣ ಎಂದು ಬರಿಗಣ್ಣಿನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಆ ಕಣ್ಣು ಸುಮ್ಮನೆ ಕೂರಲಾರದೆ ಬೀದಿಯ ಮೇಲೆ ಬಿತ್ತು. ಕೋಡಿಹಳ್ಳಿಯಲ್ಲಿ ಕಳೆದುಹೋದ ಪಂಪ್‌ಸೆಟ್ಟಿನ ಸ್ಟಾರ್ಟರು, ಬೈರಾಪಟ್ಟಣದ ಮದುವೆಮನೆಯಲ್ಲಿ ಮಾಯವಾದ ಕಾಲುಂಗುರ, ಎಲ್ಲ ಅವರ ಜಗಲಿಗೇ ಬಂದು ಬಗೆಹರಿದಿದ್ದವು. ಅವನ್ನೆಲ್ಲ ನೂರು ಪುಟದ ನೋಟ್‌ಬುಕ್ಕಿನಲ್ಲಿ, ಶೀರ್ಷಿಕೆಗೆ ಕೆಂಪು ಶಾಯಿ ಬಳಸಿ, ಬರೆದಿಟ್ಟವರು ಅನಂತರಾಜು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಷ್ಟ್ರಿಗೆ ಆ ನೋಟ್‌ಬುಕ್ಕೇ ಸಾಹಿತ್ಯ.

ವಿಷಯ ಇಷ್ಟು. ಫಿರೋಜಾಳ ಮಗಳು ನಿಖಾತ್, ಸ್ಟೇಷನ್ ರಸ್ತೆಯ ಕೆಂಪರಾಜುವಿನ ಗೇಮಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಅಲ್ಲಿ ಏಳು ಸೀಟು. ಏಳನೆಯದಕ್ಕೆ ಕೆಂಪರಾಜು ಹೋದ ತಿಂಗಳು ದುಬಾರಿ ಪರದೆ ತರಿಸಿದ್ದ. ಚಿತ್ರವನ್ನು ಸೆಕೆಂಡಿಗೆ ನೂರ ಎಂಬತ್ತು ಸಲ ಹೊಸದು ಮಾಡುವಂಥದ್ದು. ಬರುವ ಭಾನುವಾರ ಕನಕಪುರ, ಮಾಗಡಿ ಕಡೆಯ ಹುಡುಗರೆಲ್ಲ ಪಂದ್ಯಕ್ಕೆ ಬರುವವರಿದ್ದರು. ಸೋಮವಾರ ಆಯುಧಪೂಜೆ, ಮಂಗಳವಾರ ರಜ. ಬುಧವಾರ ಬಾಗಿಲು ತೆಗೆದು ನೋಡಿದರೆ ಏಳನೇ ಪರದೆ ಸೆಕೆಂಡಿಗೆ ಅರವತ್ತಕ್ಕೆ ಇಳಿದಿತ್ತು, ಅಕ್ಷರಗಳೆಲ್ಲ ಉಬ್ಬಿದ್ದವು. ಅದೇ ಕಂಪನಿಯ, ಅದೇ ಆಕಾರದ ಅಗ್ಗದ ಪರದೆಯೂ ಮಾರುಕಟ್ಟೆಯಲ್ಲಿದೆ. ಒಳ್ಳೆಯದನ್ನು ಒಯ್ದು ಅಗ್ಗದ್ದನ್ನು ಇಟ್ಟಿದ್ದಾರೆ ಎಂದು ಕೆಂಪರಾಜು ತೀರ್ಮಾನಿಸಿದ. ಯಾರು ಎಂಬುದಕ್ಕೂ ಸಾಕ್ಷಿ ಸಿಕ್ಕಿತು: ಪೂಜೆಯ ಹಿಂದಿನ ದಿನ ನಿಖಾತ್ ಪರದೆಯ ಡಬ್ಬವನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದಳೆಂದು ಬೀದಿಗೆಲ್ಲ ಗೊತ್ತಾಗಿತ್ತು. ಶನಿವಾರ ಸಂಜೆಯೊಳಗೆ ಪರದೆ ಬರದಿದ್ದರೆ ಪೊಲೀಸ್ ಕಂಪ್ಲೇಂಟು ಎಂದು ಹೇಳಿ ಅವಳನ್ನು ಕೆಲಸದಿಂದ ಕಳಿಸಿದ್ದ.

ಆ ಡಬ್ಬದ ಮಾತನ್ನು ಹುಚ್ಚಯ್ಯನ ಟೀ ಅಂಗಡಿಯಲ್ಲಿ ಮೊದಲು ಆಡಿದವರು ಯಾರೆಂದು ಫಿರೋಜಾಳಿಗೆ ಗೊತ್ತಿರಲಿಲ್ಲ. ಮೂರನೇ ಮೆಟ್ಟಿಲಲ್ಲಿ ನಿಂತವರಿಗೆ ಗೊತ್ತಿತ್ತು.

ಅನಂತರಾಜು ಸುಳ್ಳೇನೂ ಹೇಳಿರಲಿಲ್ಲ. ಕಂಡದ್ದನ್ನು ಹೇಳಿದ್ದರು. ಟೀ ಬಿಸಿಯಿತ್ತು, ಕೇಳುವವರಿದ್ದರು, ಪತ್ತೇದಾರಿಯ ಜೊತೆಗಾರನೆಂದು ನಾಲ್ಕು ಜನ ತಮ್ಮ ಮಾತಿಗೆ ಕಾಯುತ್ತಿದ್ದರು. ನಿಖಾತ್ ತಮ್ಮ ಕ್ಲಾಸಿನಲ್ಲೇ ಓದಿದ ಹುಡುಗಿ, ಗಣಿತಕ್ಕೆ ತೊಂಬತ್ತಾರು ತೆಗೆದವಳು ಎಂಬುದು ಆ ಹೊತ್ತಿನಲ್ಲಿ ಬಾಯಿಗೆ ಬಂದಿರಲಿಲ್ಲ.

ಶಾಲೆಗೆ ದಸರಾ ರಜೆ; ಹತ್ತು ಗಂಟೆಗೆ ಕೃಷ್ಣಮ್ಮ, ಮೇಷ್ಟ್ರು ಇಬ್ಬರೂ ಗೇಮಿಂಗ್ ಸೆಂಟರಿಗೆ ಹೋದರು. ಕೆಂಪರಾಜು ಕೆಟ್ಟವನಲ್ಲ, ಅವಸರದವನು. ಏಳನೇ ಸೀಟಿನ ಮುಂದೆ ಕೂತು ಸೆಟ್ಟಿಂಗ್ಸ್ ತೆರೆದು, ಕೋರ್ಟಿನಲ್ಲಿ ದಾಖಲೆ ತೋರಿಸುವವನಂತೆ ಪರದೆಗೆ ಬೆರಳು ಕುಟ್ಟಿದ. ರೆಸಲ್ಯೂಶನ್ನಿನ ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಇರಲಿಲ್ಲ. ರಿಫ್ರೆಶ್ ರೇಟಿನ ಪಟ್ಟಿಯಲ್ಲಿ ಅರವತ್ತರ ಮೇಲೆ ಏನೂ ಇರಲಿಲ್ಲ.

"ಅದೇ ಪರದೆ ಆಗಿದ್ರೆ ನೂರೆಂಬತ್ತು ಲಿಸ್ಟಲ್ಲಾದ್ರೂ ಬರ್ಬೇಕಲ್ಲಮ್ಮ? ಬರಾಕಿಲ್ಲ. ಇದಕ್ಕಿಂತ ಇನ್ನೇನ್ ಬೇಕು?"

ಕೃಷ್ಣಮ್ಮ ಮೌಸ್ ಹಿಡಿದು ಪರದೆಯ ತುಂಬ ಸುತ್ತು ಹಾಕಿಸಿದರು. ಬಾಣದ ಗುರುತು ಜಿಗಿದು ಜಿಗಿದು ಓಡಿತು. ಆರನೇ ಸೀಟಿಗೆ ಹೋಗಿ ಅಲ್ಲೂ ಹಾಗೇ ಮಾಡಿದರು. ಆಮೇಲೆ ಚನ್ನಪಟ್ಟಣದಿಂದ ಅಭ್ಯಾಸಕ್ಕೆ ಬಂದಿದ್ದ ಚಿಕ್ಕರಾಜುವಿಗೆ ಎರಡೂ ಸೀಟಿನಲ್ಲಿ ಸ್ವಲ್ಪ ಹೊತ್ತು ಆಡಲು ಹೇಳಿ, ತಾವು ಕಣ್ಣು ಮುಚ್ಚಿ ನಿಂತರು. ಇಪ್ಪತ್ತೆರಡು ವರ್ಷದ ಆ ಆಟಗಾರ ಏಳನೆಯದರಲ್ಲಿ ಎರಡು ನಿಮಿಷಕ್ಕೇ ಬೇಸತ್ತ.

"ಪರದೆ ಒಂದೇ ಅಲ್ಲ ಅಜ್ಜಿ, ಆಟಾನೇ ಕೆಸರಲ್ಲಿ ನಡ್ದಂಗೆ ಬತ್ತೈತೆ. ಪೂಜೆಗೆ ಮುಂಚೆ ಬೆಣ್ಣೆ ಇದ್ದಂಗಿತ್ತು."

"ಸದ್ದು?"

"ಯಾವ್ ಸದ್ದು?"

"ಆರನೇದ್ರಲ್ಲಿ ನೀನು ಆಡುವಾಗ ಒಳಗಡೆ ಫ್ಯಾನು ರೊಯ್ ಅಂತಿತ್ತು. ಇದ್ರಲ್ಲಿ ತಣ್ಣಗೈತೆ."

ಚಿಕ್ಕರಾಜು ಬಗ್ಗಿ ಕೇಳಿ, ಹೌದಲ್ವಾ ಅಂದ. ಕೃಷ್ಣಮ್ಮ ಪರದೆಯ ಹಿಂಬದಿಗೆ ಹೋದರು. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕಂಪನಿಯ ನಂಬರಿನ ಚೀಟಿ ಅದರಡಿ ಪೂರ್ತಿ ಮುಚ್ಚಿಹೋಗಿತ್ತು. ಎಷ್ಟು ಚೊಕ್ಕ ಪಟ್ಟೆ ಎಂದು ಅವರು ಮೆಚ್ಚಿಕೊಂಡಾಗ ಕೆಂಪರಾಜು ಹೆಮ್ಮೆಯಿಂದ, ಪೂಜೆ ಪ್ರತಿವರ್ಷ ನಮ್ಮ ಮೇಷ್ಟ್ರದೇ, ವೈರೆಲ್ಲ ಬಿಚ್ಚಿ ಧೂಳು ಒರೆಸಿ ಮತ್ತೆ ಜೋಡಿಸಿ ಅಲಂಕಾರ ಮಾಡುವವರೆಗೂ ಅವರೇ, ತಾನು ಕುಂಬಳಕಾಯಿ ಒಡೆಯುವುದಕ್ಕಷ್ಟೇ ಎಂದ. ಅನಂತರಾಜು ನಾಚಿಕೊಂಡು ನಕ್ಕರು. ಅವತ್ತಿನ ಕೊನೆಯ ನಗು ಅದು.

ಕೃಷ್ಣಮ್ಮ ಸೆರಗಿನ ತುದಿ ಒದ್ದೆ ಮಾಡಿ ವಿಭೂತಿ ಒರೆಸಿದರು. "ಪೂಜೆ ಮಾಡಿರೋದನ್ನ ಒರಸ್ತೀರಲ್ಲಮ್ಮ," ಎಂದು ಕೆಂಪರಾಜು ಕೈ ಚಾಚುವಷ್ಟರಲ್ಲಿ ಚೀಟಿಯ ನಂಬರು ಅವರ ಬಸ್ ಟಿಕೆಟ್ಟಿನ ಹಿಂದೆ ಇಳಿದಾಗಿತ್ತು. ಪರದೆಯ ಬಿಲ್ಲನ್ನು ಹುಡುಕಿಡಲು ಹೇಳಿದರು. ಹೊರಡುವ ಮುಂಚೆ ಏಳು ಕಂಪ್ಯೂಟರಿನ ನೆತ್ತಿಯ ಮೇಲಿನ ಬಾಡಿದ ಚೆಂಡುಹೂವಿನ ಸರಗಳನ್ನು ಒಂದೊಂದಾಗಿ ನೋಡಿದರು. ಮೊದಲ ಆರಕ್ಕೂ ಪಾರದರ್ಶಕ ಸೆಲೋಟೇಪು. ಏಳನೆಯದಕ್ಕೆ ಬಿಳಿಯ ಕಾಗದದ ಟೇಪು, ಅದರ ಮೇಲೊಂದು ಗಂಧದ ಬೊಟ್ಟು.

ನಿಖಾತ್ ಮನೆಯ ಹಿಂದಿನ ಶೆಡ್ಡಿನಲ್ಲಿ, ಬೇಯುವ ರೇಷ್ಮೆಗೂಡಿನ ವಾಸನೆಯ ನಡುವೆ, ತಾಯಿ ನೂಲು ತೆಗೆಯುವ ರೀಲಿಂಗ್ ಯಂತ್ರದ ಬಳಿ ಕೂತಿದ್ದಳು. ಮೇಷ್ಟ್ರನ್ನು ಕಂಡು ಅಭ್ಯಾಸದಂತೆ ಎದ್ದು ನಿಂತಳು. ಕೂತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅನಂತರಾಜುಗೆ.

ಡಬ್ಬ ಅಲ್ಲೇ ಮೂಲೆಯಲ್ಲಿತ್ತು, ಬಾಯಿ ತೆರೆದುಕೊಂಡು. ಒಳಗೆ ಥರ್ಮಾಕೋಲಿನ ನಡುವೆ ರೇಷ್ಮೆಯ ಲಡಿಗಳು ಮಲಗಿದ್ದವು. ಮಾರಲು ಒಯ್ಯುವಾಗ ನೂಲು ನಲುಗುವುದಿಲ್ಲವೆಂದು ಅವಳು ಕೆಂಪರಾಜುವನ್ನು ಕೇಳಿಯೇ ಖಾಲಿ ಡಬ್ಬ ತಂದಿದ್ದಳು. ಫೋನಿನಲ್ಲಿದ್ದ ಅವನು ಹೂಂ ಅಂದಿದ್ದ. ಹಾಗೆ ಅಂದದ್ದು ಅವನಿಗೀಗ ನೆನಪಿರಲಿಲ್ಲ.

ಕೃಷ್ಣಮ್ಮ ಕೇಳಿದ್ದು ಬೇರೆಯದೇ. ಆ ಪರದೆಯ ವೈರನ್ನು ಎಲ್ಲಿಗೆ ಹಾಕಿದ್ದೆ?

"ಕಂಪ್ಯೂಟರ್ ಹಿಂದ್ಗಡೆ ವೈರ್ ಚುಚ್ಚೋಕೆ ಒಂದೇ ತರದ್ದು ಎರಡು ಪೋರ್ಟ್ ಇದಾವೆ ಆಂಟಿ. ಕೆಳಗಿಂದು ಗ್ರಾಫಿಕ್ಸ್ ಕಾರ್ಡಿಂದು, ಆಟಕ್ಕೆ ಅದೇ ಬೇಕು. ಮೇಲಿಂದು ಸುಮ್ನೆ ಲೆಕ್ಕಪತ್ರ ನೋಡೋರಿಗೆ. ಅದಕ್ಕೆ ಹಾಕಿದ್ರೂ ಚಿತ್ರ ಬರುತ್ತೆ, ಅದೇ ತೊಂದ್ರೆ. ಯಾರಾದ್ರೂ ಗೊತ್ತಿಲ್ದೆ ಹಾಕ್ತಾರೆ ಅಂತ ಮೇಲಿನ ಪೋರ್ಟಿಗೆ ಬಿಳೀ ಟೇಪ್ ಅಂಟ್ಸಿ 'ಇಲ್ಲಿ ಬೇಡ' ಅಂತ ಬರ್ದಿದ್ದೆ. ಬುಧವಾರ ಅದನ್ನೇ ನೋಡೋಣ ಅಂತ ಹೋದೆ. ಕೆಂಪರಾಜಣ್ಣ ಮುಟ್ಟಕ್ಕೇ ಬಿಡ್ಲಿಲ್ಲ."

ಅನಂತರಾಜು ತಮ್ಮ ಬಲಗೈ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು. ಅಂಟು ಯಾವತ್ತೋ ಹೋಗಿತ್ತು. ಬೆರಳಿಗೆ ಮಾತ್ರ ಅದು ಇನ್ನೂ ಇತ್ತು.

ವಾಪಸು ಬರುವ ದಾರಿಯಲ್ಲಿ ಮೂರು ಸಲ ಬಾಯಿ ತೆರೆದರು. ಮೊದಲನೆಯ ಸಲ ಬಿಸಿಲಿನ ಬಗ್ಗೆ ಹೇಳಿದರು. ಎರಡನೆಯ ಸಲ ಈರುಳ್ಳಿಯ ಬೆಲೆಯ ಬಗ್ಗೆ. ಮೂರನೆಯ ಸಲ ಏನೂ ಬರಲಿಲ್ಲ. ಕೃಷ್ಣಮ್ಮ ಪ್ರತಿ ಸಲವೂ ನಡಿಗೆ ನಿಧಾನ ಮಾಡಿ, ಕಾದು, ಮತ್ತೆ ನಡೆದರು. ಶುಕ್ರವಾರವೆಲ್ಲ ಮೇಷ್ಟ್ರು ಮಹಡಿಯಿಂದ ಇಳಿಯಲಿಲ್ಲ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಶೀರ್ಷಿಕೆ ಬರೆದರು. ಅದರ ಕೆಳಗೆ ಒಂದು ಸಾಲೂ ಮೂಡಲಿಲ್ಲ.

ಶನಿವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಗೇಮಿಂಗ್ ಸೆಂಟರಿನಲ್ಲಿ ಸೇರಿದರು. ಕೆಂಪರಾಜು ಗಲ್ಲಾದ ಬಳಿ, ಚಿಕ್ಕರಾಜು ಆರನೇ ಸೀಟಿನಲ್ಲಿ, ನಿಖಾತ್ ಮತ್ತು ಫಿರೋಜಾ ಬಾಗಿಲಿಗೆ ಅಂಟಿಕೊಂಡಂತೆ. ಅನಂತರಾಜು ಕೂರಲು ಜಾಗವಿದ್ದರೂ ನಿಂತೇ ಇದ್ದರು.

"ಮೊದ್ಲು ಬಿಲ್ಲು ಓದಪ್ಪ," ಅಂದರು ಕೃಷ್ಣಮ್ಮ.

ಕೆಂಪರಾಜು ಬಿಲ್ಲಿನಲ್ಲಿದ್ದ ಹದಿಮೂರು ಅಕ್ಷರ ಅಂಕಿಗಳನ್ನು ಓದಿದ. ಅವರು ಬಸ್ ಟಿಕೆಟ್ಟನ್ನು ಅವನ ಕೈಗಿಟ್ಟರು. ಅವನು ಎರಡನ್ನೂ ಪಕ್ಕಪಕ್ಕ ಹಿಡಿದು, ಮತ್ತೊಮ್ಮೆ ಓದಿ, ಟಿಕೆಟ್ಟನ್ನು ಗಲ್ಲಾದ ಮೇಲೆ ಮೆಲ್ಲಗೆ ಇಟ್ಟ. ಎರಡೂ ಒಂದೇ ಆಗಿದ್ದವು.

"ಅಂಗಾದ್ರೆ ಪರದೆ ಬದ್ಲಾಗೇ ಇಲ್ವಾ?"

"ಅಂಗಡಿ ಬುಟ್ಟು ಹೋಗೇ ಇಲ್ಲ. ನಂಬರ್ ನೋಡಿದ್ರೆ ಬುಧವಾರವೇ ಗೊತ್ತಾಗ್ತಿತ್ತು. ನೀನು ವಿಭೂತಿ ಒರೆಸಬಾರ್ದು ಅಂತ ನೋಡ್ಲಿಲ್ಲ. ವಿಭೂತಿ ಒರೆಸಕ್ಕೆ ಹೆದರಿದೋನು, ಒಂದು ಹೆಣ್ಮಗಳ ಹೆಸರು ಒರೆಸಕ್ಕೆ ಹೆದರ್ಲಿಲ್ಲ."

ಕೃಷ್ಣಮ್ಮ ಮುಂದುವರಿಸಿದರು. ಪರದೆ ಅದೇ ಎಂದಾದ ಮೇಲೆ ಕೊರತೆ ಬೇರೆಲ್ಲೋ ಇರಬೇಕು. ಪರದೆ ಮಾತ್ರ ಅಗ್ಗದ್ದಾಗಿದ್ದರೆ ಚಿತ್ರ ಒರಟಾಗಬಹುದು, ಆದರೆ ಒಳಗಿನ ಕಾರ್ಡು ದುಡಿಯುತ್ತಲೇ ಇರಬೇಕು, ಅದರ ಫ್ಯಾನು ಕೂಗಬೇಕು. ಏಳನೆಯದು ಕೂಗಲಿಲ್ಲ. ಎಂದರೆ ಕಾರ್ಡಿಗೆ ಕೆಲಸವೇ ಇಲ್ಲ. ಪರದೆಗೆ ಚಿತ್ರ ಇನ್ನೆಲ್ಲಿಂದಲೋ ಬರುತ್ತಿದೆ. ಎಲ್ಲಿಂದ ಎಂಬುದನ್ನು ನಿಖಾತ್ ಹೇಳಿದಳು. ಮೇಲಿನ ಪೋರ್ಟಿನಿಂದ. ಆ ಪೋರ್ಟು ಅಷ್ಟನ್ನೇ ಕೊಡಬಲ್ಲದು, ಅದಕ್ಕೇ ಸೆಟ್ಟಿಂಗ್ಸಿನ ಪಟ್ಟಿಯಲ್ಲಿ ದೊಡ್ಡ ಸಂಖ್ಯೆಗಳು ಬರಲಿಲ್ಲ. ಹಾಗಾದರೆ ಅದನ್ನು ಮುಚ್ಚಿದ್ದ ಟೇಪು?

ಅವರು ಏಳನೇ ಕಂಪ್ಯೂಟರಿನ ನೆತ್ತಿಯಿಂದ ಚೆಂಡುಹೂವಿನ ಸರವನ್ನು ಟೇಪಿನ ಸಮೇತ ಬಿಡಿಸಿದರು. ಒಣಗಿದ ಎಸಳು ಉದುರಿತು. ಗಂಧದ ಬೊಟ್ಟನ್ನು ಉಗುರಿನಿಂದ ಕೆರೆದು ಟೇಪನ್ನು ಎಲ್ಲರಿಗೂ ತೋರಿಸಿದರು. ನೀಲಿ ಬಾಲ್‌ಪೆನ್ನಿನಲ್ಲಿ, ಗುಂಡು ಗುಂಡಾದ ಸಣ್ಣ ಅಕ್ಷರದಲ್ಲಿ: ಇಲ್ಲಿ ಬೇಡ.

"ಆರು ಸರ ಅಂಟ್ಸೋಷ್ಟರಲ್ಲಿ ಸೆಲೋಟೇಪು ಮುಗೀತು. ಕೈಗೆ ಸಿಕ್ಕಿದ್ದು ಇದು. ಕಿತ್ತು ಹೂವಿಗೆ ಹಾಕಾಯ್ತು. ಆಮೇಲೆ ವೈರ್ ಜೋಡ್ಸುವಾಗ ಮೇಲಿನ ಪೋರ್ಟು ಬಾಯಿ ತಕ್ಕೊಂಡಿತ್ತು, ಮೊದ್ಲು ಕಾಣಿಸ್ತು." ಕೃಷ್ಣಮ್ಮ ನಿಖಾತಳಿಗೆ ಸನ್ನೆ ಮಾಡಿದರು. ಅವಳು ಬಗ್ಗಿ ವೈರನ್ನು ಮೇಲಿಂದ ತೆಗೆದು ಕೆಳಗೆ ಹಾಕಿದಳು. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಅವಳು ನಿಂತುಕೊಂಡೇ ಸೆಟ್ಟಿಂಗ್ಸ್ ತೆರೆದು ದೊಡ್ಡ ರೆಸಲ್ಯೂಶನ್ ಆರಿಸಿದಳು. ಉಬ್ಬಿದ್ದ ಅಕ್ಷರಗಳು ಚೂಪಾದವು. ರಿಫ್ರೆಶ್ ರೇಟಿನ ಪಟ್ಟಿ ಎಳೆದಳು. ತುದಿಯಲ್ಲಿ ನೂರ ಎಂಬತ್ತು ಕೂತಿತ್ತು. ಒಳಗೆಲ್ಲೋ ಫ್ಯಾನು ರೊಯ್ ಎಂದು ಎದ್ದಿತು.

"ಈ ಟೇಪ್ ಕಿತ್ತವರ ಹೆಸರು ನಾನು ಹೇಳಾಕಿಲ್ಲ," ಅಂದರು ಕೃಷ್ಣಮ್ಮ. "ಗುರುವಾರದಿಂದ ಅವರಿಗೇ ಗೊತ್ತೈತೆ."

ಯಾರೂ ಯಾರನ್ನೂ ನೋಡಲಿಲ್ಲ. ಕ್ಲಾಸಿನಲ್ಲಿ ತಪ್ಪು ಉತ್ತರ ಬರೆದವನು ತಾನೇ ಎದ್ದು ನಿಲ್ಲಲಿ ಎಂದು ಅನಂತರಾಜು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಎದ್ದು ನಿಲ್ಲುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿದದ್ದು ಈಗ; ಅದೂ ಮೊದಲೇ ನಿಂತಿದ್ದವರಿಗೆ.

"ನಾನೇ," ಅಂದರು. "ಟೇಪ್ ಕಿತ್ತಿದ್ದೂ ನಾನೇ, ವೈರ್ ಹಾಕಿದ್ದೂ ನಾನೇ. ಡಬ್ಬದ ಮಾತು ಹುಚ್ಚಯ್ಯನ ಅಂಗಡೀಲಿ ಮೊದ್ಲು ಆಡಿದ್ದೂ ನಾನೇ. ಗುರುವಾರ ನಿನ್ ಬಾಯಲ್ಲಿ ಕೇಳ್ದಾಗ ಗೊತ್ತಾಯ್ತು ನಿಖಾತ್. ಎರಡು ದಿನ ಸುಮ್ನಿದ್ದೆ."

ಕೆಂಪರಾಜು ಸಂಕಟದಿಂದ ಮುಂದೆ ಬಂದ. "ಬುಡಿ ಮೇಷ್ಟ್ರೇ. ಬೇಕು ಅಂತ ಮಾಡಿಲ್ವಲ್ಲ. ಯಾರ್ ಕೈಲಾದ್ರೂ ಆಯ್ತದೆ."

"ಈ ಮಾತು ನನ್ಗೆ ಯಾಕ್ ಹೇಳ್ಲಿಲ್ಲ ಅಣ್ಣ?" ಅಂದಳು ನಿಖಾತ್.

ಅವಳು ದನಿ ಎತ್ತಿರಲಿಲ್ಲ. ಕೆಂಪರಾಜು ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ತಪ್ಪಾಯ್ತು ಕಣಮ್ಮ, ನಾಳೆ ಪಂದ್ಯ ನೀನೇ ನಡೆಸಬೇಕು ಎಂದ. ಅವಳು ನೋಡುತ್ತೇನೆ ಎಂದಳು. ಅನಂತರಾಜು ತಾವೇನು ಮಾಡಬೇಕೆಂದು ಕೇಳಿದರು. ಪ್ರಾಯಶ್ಚಿತ್ತಕ್ಕೆ ಒಂದು ಲೆಕ್ಕ ಕೊಟ್ಟರೆ ಬಿಡಿಸಿಬಿಡುವವರಂತಿತ್ತು ಅವರ ಮುಖ.

"ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳಿ ಸರ್. ಟೀ ಅಂಗಡೀಲಿ," ಅಂದಳು ನಿಖಾತ್.

ಹುಚ್ಚಯ್ಯನ ಅಂಗಡಿ ಐವತ್ತು ಹೆಜ್ಜೆ. ಸಂಜೆಯ ಟೀ ಹೊತ್ತು, ಬೆಂಚು ತುಂಬಿತ್ತು. ಮೇಷ್ಟ್ರನ್ನು ಕಂಡವರೇ ಜಾಗ ಮಾಡಿಕೊಟ್ಟರು, ಪತ್ತೆಯಾಯ್ತಾ ಎಂದು ಕೇಳಿದರು. ಆ ಹುಡುಗಿ ಮೂರು ಪರದೆ ಸಾಗಿಸಿದಳಂತೆ, ಒಂದು ಮಾಗಡಿಯಲ್ಲಿ ಮಾರಾಟವೂ ಆಯಿತಂತೆ ಎಂದು ಒಬ್ಬ ಅವರಿಗೇ ಸುದ್ದಿ ಕೊಟ್ಟ. ಅನಂತರಾಜು ಬಿಟ್ಟುಹೋಗಿದ್ದು ಒಂದು ಡಬ್ಬವನ್ನು. ಈಗ ಮೂರನ್ನೂ ಅವರೇ ಹೊರಬೇಕಾಗಿತ್ತು.

ಹೇಳಿದರು. ಟೇಪು, ವೈರು, ಡಬ್ಬ, ತಮ್ಮ ಬಾಯಿ, ಎಲ್ಲವನ್ನೂ. ಹೇಳುತ್ತಿದ್ದಂತೆ ಮಾಗಡಿಯ ಬಸ್ಸು ಹಾರನ್ ಹೊಡೆಯುತ್ತ ಅಂಗಡಿಗೆ ಉಜ್ಜಿಕೊಂಡೇ ಹೋಯಿತು. ಬೆಂಚಿನ ಮೇಲಿದ್ದವರು ಕಿವಿಗೆ ಕೈಯಿಟ್ಟು, ಏನಂದಿರಿ ಮೇಷ್ಟ್ರೇ ಎಂದರು. ಅನಂತರಾಜು ಹಿಂದಿರುಗಿ ನೋಡಿದರು. ರಸ್ತೆಯ ಆಚೆ ನಿಖಾತ್ ಸ್ಕೂಟರಿಗೆ ಒರಗಿ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಹೊರಡುವ ಅವಸರವಿಲ್ಲದವಳಂತೆ ನಿಂತಿದ್ದಳು.

"ಇಲ್ಲಿಗೆ ಕೇಳಿಸ್ಲಿಲ್ಲ ಸರ್," ಅಂದಳು. "ಇನ್ನೊಂದ್ಸಲ."

ಹುಚ್ಚಯ್ಯ ಒಲೆ ಸಣ್ಣ ಮಾಡಿದ. ಅನಂತರಾಜು ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದರು.