ಇಸ್ತ್ರಿ ದಿಂಬಿನ ಕೆಂಪು ಕಲೆ

ಸುಮಂಗಲಾ ಇಸ್ತ್ರಿಪೆಟ್ಟಿಗೆ ಎತ್ತಿದಳು, ಮೇಲೆ ಹಾಸಿದ್ದ ಒದ್ದೆ ಬಟ್ಟೆ ಸರಿಸಿದಳು, "ಥೂ!" ಎಂದು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

ಕೆನೆಬಣ್ಣದ ರೇಷ್ಮೆ ಬ್ಲೌಸಿನ ಎದೆಯ ಭಾಗದಲ್ಲಿ, ಈಗಷ್ಟೇ ಹಬೆ ಕೊಟ್ಟು ದುಂಡಗೆ ಕೂರಿಸಿದ ಹೊಲಿಗೆಯ ಮೇಲೆ, ಅಂಗೈ ಅಗಲದ ಕಲೆಯೊಂದು ಹರಡಿತ್ತು. ಕೆಂಪೂ ಅಲ್ಲ, ಕಂದೂ ಅಲ್ಲ. ಬ್ಲೌಸ್ ಎತ್ತಿ ನೋಡಿದರೆ ಅದರಡಿಯ ಹೊಸ ಇಸ್ತ್ರಿ ದಿಂಬು ಅದೇ ಬಣ್ಣದಲ್ಲಿ ಒದ್ದೆಯಾಗಿತ್ತು. ಒಳಗಿನಿಂದ ಒಸರಿದ್ದು.

ಈ ಬಣ್ಣ ಅವಳಿಗೆ ಹೊಸದಲ್ಲ. ಮಣಿಕೊಂಡದ ಈ ಬಿಲ್ಡಿಂಗಿನ ಮೆಟ್ಟಿಲ ಮೂಲೆಯಲ್ಲಿ ಅದೇ ಬಣ್ಣ, ಅಮೀರ್‌ಪೇಟ್ ಬಸ್ ಸ್ಟಾಪಿನ ಕಂಬದ ಬುಡದಲ್ಲಿ ಅದೇ ಬಣ್ಣ. ಗುಟ್ಕಾ ಜಗಿದು ಉಗುಳುವವರು ಊರಿಗೆಲ್ಲ ಬಳಿದಿಟ್ಟ ಬಣ್ಣ. ಆ ಉಗುಳು ಬಿದ್ದ ಮರದ ಹೊಟ್ಟನ್ನೇ ಯಾರೋ ಬಾಚಿ ತನ್ನ ದಿಂಬಿಗೆ ತುಂಬಿದ್ದಾರೆ. ಯಾರೋ ಏನು ಬಂತು? ಆ ಮರಗೆಲಸದ ಗುರುಶಾಂತ ತುಂಬಿದ್ದಾನೆ.

ಅವಳು ಬಚ್ಚಲಿಗೆ ಓಡಿ ಮೂರು ಸಲ ಕೈ ತೊಳೆದಳು.

ಅಸಹ್ಯಪಡುವುದರಲ್ಲಿ ಸುಮಂಗಲಾಳಿಗೆ ಸಾಟಿಯಿಲ್ಲ. ಸಿಟಿ ಬಸ್ಸಿನ ಹಿಡಿಕೆ ಮುಟ್ಟಲು ಅವಳಿಗೆ ಕರವಸ್ತ್ರ ಬೇಕು. ಗಿರಾಕಿಗಳು ಅಳತೆಗೆಂದು ಕೊಡುವ ಹಳೆಯ ಬ್ಲೌಸನ್ನು ಮೊದಲು ಒಗೆದು, ಆಮೇಲೆ ಅಳೆಯುತ್ತಾಳೆ. ಅದೆಲ್ಲ ನಗುವ ಮಾತು. ಗುಟ್ಕಾದ ಮಾತು ಬಂದರೆ ಮಾತ್ರ ನಗು ಇಲ್ಲ. ಅವಳ ಅಪ್ಪ ಹಾಸಿಗೆಯ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಉಗುಳುತ್ತಿದ್ದ. ಎಂಟನೇ ವಯಸ್ಸಿನಿಂದ ಅಪ್ಪ ತೀರಿಕೊಳ್ಳುವವರೆಗೆ, ದಿನಾ ಬೆಳಿಗ್ಗೆ ಆ ಡಬ್ಬಿ ತೊಳೆದದ್ದು ಅವಳೇ. ಅಪ್ಪ ಹೋಗಿ ಹತ್ತು ವರ್ಷವಾದರೂ ಮೂಗು ಅದನ್ನು ಮರೆತಿಲ್ಲ.

ಮೂವತ್ತೊಂದು ತುಂಬುವುದರೊಳಗೆ ಮೂರು ಗಂಡುಗಳನ್ನು ಬರೀ ಹಲ್ಲು ನೋಡಿ ಬೇಡವೆಂದಿದ್ದಳು. "ಎತ್ತು ಕೊಳ್ಳಾಕ ಹೊಂಟೀಯೇನ, ಹಲ್ಲು ನೋಡಾಕ?" ಎಂದು ತಾಯಿ ಶಿವದೇವಿ ಹಣೆ ಹಣೆ ಬಡಿದುಕೊಂಡಿದ್ದಳು.

ಗುರುಶಾಂತ ಸಿಕ್ಕಿದ್ದು ಗಂಡಾಗಿ ಅಲ್ಲ, ಹೊಟ್ಟಿನ ನೆಪದಲ್ಲಿ.

ಎದೆ, ಭುಜ, ಸೊಂಟದಂಥ ದುಂಡಗಿನ ಜಾಗವನ್ನು ಚಪ್ಪಟೆ ಟೇಬಲ್ಲಿನ ಮೇಲೆ ಇಸ್ತ್ರಿ ಮಾಡಿದರೆ ಹೊಲಿಗೆ ಸೊಟ್ಟಗಾಗುತ್ತದೆ. ಅದಕ್ಕೆ ಕಲ್ಲಿನಷ್ಟು ಗಟ್ಟಿಯಾದ ದುಂಡು ದಿಂಬು ಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು, ಒಳಗೆ ಮರದ ಹೊಟ್ಟು ಬಿಗಿಯಾಗಿ ತುಂಬಬೇಕು ಎಂದು ಸುಮಂಗಲಾ ಮೊಬೈಲಿನಲ್ಲಿ ನೋಡಿದ್ದಳು. ಐದು ತಿಂಗಳ ಹಿಂದೆ ಚೀಲ ಹಿಡಿದು, ಹಿಂದಿನ ಗಲ್ಲಿಯ ಮರಗೆಲಸದ ಕಾರ್ಖಾನೆಗೆ ಹೋದಳು.

ಕಡಗೋಲು, ಲಟ್ಟಣಿಗೆ, ಮಂಚದ ಕಾಲು ಕಡೆಯುವ ಯಂತ್ರದ ಮುಂದೆ ಒಬ್ಬ ನಿಂತಿದ್ದ. ರೆಪ್ಪೆಗಳ ಮೇಲೂ ಮರದ ಪುಡಿ. ಈ ತೆಲುಗು ಊರಿನಲ್ಲಿ ಕನ್ನಡದವರು ಅಪರೂಪ; ಅವಳು ಹಿಂದಿಯಲ್ಲಿ ಕೇಳಿದಳು, ಅವನು ಹಿಂದಿಯಲ್ಲೇ ಚೀಲ ತುಂಬಿಕೊಟ್ಟ. ಚೀಲಕ್ಕೆ ಮೂಗು ತಾಗಿಸಿದ ಅವಳು "ಅಯ್ಯ, ಏನ್ ಹೊಲಸು ವಾಸನಿ!" ಎಂದಳು.

"ಕನ್ನಡದವ್ರೇನ್ರಿ?" ಅವನ ಮುಖ ಅರಳಿತು. "ಅದು ಪ್ಲೈವುಡ್ ಹೊಟ್ಟು. ಗೋಂದಿನ ವಾಸನಿ. ಎದಕ್ಕ ಬೇಕ್ರಿ ನಿಮಗ?"

"ದಿಂಬಿಗಿ."

"ದಿಂಬಿಗಿ? ಮಲಗಾಕ?"

"ಮಲಗಾಕಲ್ರಿ, ಇಸ್ತ್ರಿ ಮಾಡಾಕ!"

ಅವನು ನಕ್ಕ. ಹಲ್ಲು ಬೆಳ್ಳಗಿದ್ದವು. ಸುಮಂಗಲಾ ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಅವಳು ತಟ್ಟನೆ ಚೀಲದ ಬಾಯಿ ಕಟ್ಟತೊಡಗಿದಳು. ಪ್ಲೈವುಡ್ ಹೊಟ್ಟನ್ನು ತಿರುಗಿ ಅಲ್ಲೇ ಸುರಿಯಬೇಕಿತ್ತೆಂದು ನೆನಪಾಗಿದ್ದು ಮನೆ ಮುಟ್ಟಿದ ಮೇಲೆ.

ಆಮೇಲೆ ಅವನಿಂದ ಒಂದೊಂದೇ ಸಾಮಾನು ಬರತೊಡಗಿತು. ಹಬೆ ಕೊಟ್ಟ ಹೊಲಿಗೆಯನ್ನು ಒತ್ತಿ ಹಿಡಿಯಲು ನುಣುಪಾದ ಸಾಗವಾನಿ ತುಂಡು ಬಂತು. ತೋಳು ತೂರಿಸಿ ಇಸ್ತ್ರಿ ಮಾಡಲು ಸಣ್ಣ ಹಲಗೆ ಬಂತು. ಪ್ರತಿ ಸಲವೂ ಅವಳು ಮೂಸಿ ನೋಡುತ್ತಿದ್ದಳು, ಅವನು ಅವಳು ಮೂಸುವುದನ್ನೇ ನೋಡುತ್ತ ನಿಲ್ಲುತ್ತಿದ್ದ.

"ಏನ್ ನೋಡಾಕತ್ತೀರಿ?"

"ನೀವು ಮೂಗು ಮುರದಾಗ ಮೂಗುಬಟ್ಟು ಒಂದೀಟು ಮ್ಯಾಲೆ ಹೋಗ್ತೈತ್ರಿ. ಪಾಸೋ ಫೇಲೋ ಅದರಾಗ ಗೊತ್ತಾಗ್ತೈತಿ."

ಆ ದಿನ ಅವಳು ಹಲಗೆಯನ್ನು ಎರಡನೇ ಸಲ ಮೂಸಿದಳು. ಬೇಕಿರಲಿಲ್ಲ, ಆದರೂ ಮೂಸಿದಳು.

ದಿಂಬಿನ ಹೊಟ್ಟನ್ನು ಮಾತ್ರ ತಾನೇ ಆರಿಸುತ್ತೇನೆಂದು ಅವನು ಹಟ ಹಿಡಿದ. ಅವಳು ಬಿಳಿ ಕಾಟನ್ ಚೀಲ ಹೊಲಿದು ಕೊಟ್ಟಳು. ಅವನು ನಾಲ್ಕು ತಿಂಗಳು ಸತಾಯಿಸಿ, ಸುತ್ತಿಗೆಯ ಹಿಡಿಕೆಯಿಂದ ಗುದ್ದಿ ಗುದ್ದಿ ತುಂಬಿ, ಮೊನ್ನೆ ಬುಧವಾರ ತಂದುಕೊಟ್ಟ. ಸುಮಂಗಲಾ ಮೂಗಿಟ್ಟಳು. ಯಾವ ಕೆಟ್ಟ ವಾಸನೆಯೂ ಇರಲಿಲ್ಲ. ಬಾಯಿ ಹೊಲಿದು ಮುಗಿಸುವವರೆಗೂ ಅವನು ಬಾಗಿಲಲ್ಲೇ ನಿಂತಿದ್ದ.

"ಐತವಾರ ಆಳಂದದಿಂದ ಅವ್ವ ಬರಾಕತ್ತಾಳ್ರಿ," ಎಂದ, ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿ. "ನಿಮ್ಮನಿಗಿ ಕರಕೊಂಡು ಬರ್ಲೇನ್ರಿ? ಶನಿವಾರದೊಳಗ ಒಂದ್ ಮಾತು ಹೇಳಿಬಿಡ್ರಿ. ಬ್ಯಾಡ ಅಂದ್ರ ಮತ್ತ ಕೇಳಂಗಿಲ್ಲ."

"ನೋಡೋಣ್ರಿ" ಎಂದಿದ್ದಳು. ನೋಡುವುದೇನೂ ಇರಲಿಲ್ಲ. ಗುರುವಾರವೇ ಹೋಗಿ ಕೆನೆಬಣ್ಣದ ರೇಷ್ಮೆ ತಂದು, ತನ್ನದೇ ಅಳತೆಗೆ ಕತ್ತರಿಸಿದ್ದಳು. ತಾಯಿಗೂ ಹೇಳಿರಲಿಲ್ಲ. ಶನಿವಾರ ಬ್ಲೌಸ್ ಮುಗಿದ ಮೇಲೆ ಫೋನ್ ಮಾಡಿ ಹೂಂ ಅನ್ನುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು.

ಈಗ ಶನಿವಾರ, ಮಧ್ಯಾಹ್ನ ಹನ್ನೆರಡು. ಬ್ಲೌಸ್ ಮುಗಿದಿತ್ತು, ಆ ಕಲೆಯ ಸಮೇತ.

ಅವಳು ದಿಂಬನ್ನೂ ಬ್ಲೌಸನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ನೂಕಿ, ಸತ್ತ ಇಲಿಯನ್ನು ಒಯ್ಯುವವಳಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡು ಇಳಿದಳು. ಮೂರು ಕಿಲೋ ಭಾರಕ್ಕೆ ಚೀಲದ ಹಿಡಿ ಬೆರಳನ್ನು ಕೊಯ್ಯುತ್ತಿತ್ತು. ಆದರೂ ಮೂರನೇ ಬೆರಳು ತಾಗಿಸಲಿಲ್ಲ.

ಕಾರ್ಖಾನೆಯ ಗೇಟಿನ ಬಳಿ ಅವಳ ಅನುಮಾನಕ್ಕೆ ಸಾಕ್ಷಿ ಕಾದಿತ್ತು. ಕಾಂಪೌಂಡ್ ಗೋಡೆಯ ಬುಡವೆಲ್ಲ ಉಗುಳು, ಅದರ ಪಕ್ಕದಲ್ಲೇ ಹೊಟ್ಟಿನ ಗುಡ್ಡೆ. ಅವಳು ನೋಡುತ್ತಿರುವಾಗಲೇ ಕೆಲಸಗಾರನೊಬ್ಬ ಬಂದು ಪಿಚಕ್ಕನೆ ಉಗುಳಿ ಹೋದ. ಸುಮಂಗಲಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇವನ ಜೊತೆ ಬದುಕಬೇಕೆಂದು ಹೊರಟಿದ್ದೆನಲ್ಲ ಎನ್ನಿಸಿ ಅಳು ಬಂತು. ಅಳುವುದಕ್ಕೂ ಅವಳಿಗೆ ಅಸಹ್ಯವೆನ್ನಿಸಿತು.

ಒಳಗೆ ಗುರುಶಾಂತ ಬೆನ್ನು ತಿರುಗಿಸಿ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದ. "ಇಲ್ನೋಡ್ರಿ" ಎಂದಳು. ತಿರುಗಿದ. ಒಂದು ಕೆನ್ನೆ ಉಬ್ಬಿತ್ತು. ಬಾಯಿ ಮುಚ್ಚಿಕೊಂಡೇ ಕಣ್ಣಲ್ಲಿ ನಕ್ಕ.

ಅವಳಿಗೆ ಅಷ್ಟು ಸಾಕಾಯಿತು.

"ಬಾಯಾಗಿಂದು ಮೊದಲ ಉಗುಳ್ರಿ! ಎಂಥಾ ಹೊಲಸು ಮನಷ್ಯಾ ಅದೀರಿ ನೀವು! ನಿಮ್ಮ ಗುಟ್ಕಾದ ಉಗುಳು ತಂದು ನನ್ನ ದಿಂಬಿನಾಗ ತುಂಬೀರಲ್ಲ, ನಾಚಿಕಿ ಆಗಂಗಿಲ್ಲ? ನಿಮ್ಮ ಅವ್ವನ್ನ ಕರಕೊಂಡು ಬರಬ್ಯಾಡ್ರಿ. ನೀವೂ ಬರಬ್ಯಾಡ್ರಿ!"

ಯಂತ್ರಗಳು ನಿಂತವು. "ಏಮಯಿಂದಿ ಅಕ್ಕಾ?" ಏನಾಯಿತೆಂದು ಯಾರೋ ಹಿಂದಿನಿಂದ ತೆಲುಗಿನಲ್ಲಿ ಕೇಳಿದರು. ಗುರುಶಾಂತ ಅಂಗೈ ಚಾಚಿ ಬಾಯಲ್ಲಿದ್ದದ್ದನ್ನು ಉಗುಳಿದ. ಏಳು ಮೊಳೆಗಳು, ಒಂದೊಂದಾಗಿ ಕೈಗೆ ಬಿದ್ದವು.

"ಮೊಳಿರಿ," ಎಂದ ಮೆಲ್ಲಗೆ. "ಎರಡೂ ಕೈ ಕೆಲಸದಾಗ ಇರ್ತಾವ, ಬಾಯಾಗ ಇಟ್ಕೋತೀವಿ. ನಾ ಜನ್ಮದಾಗ ಗುಟ್ಕಾ ಮುಟ್ಟಿಲ್ಲ."

ಅವಳು ಮೊಳೆಗಳನ್ನು ನೋಡಿದಳು. ಕಬ್ಬಿಣವನ್ನು ಬಾಯಲ್ಲಿಡುವುದೂ ಹೇಸಿಗೆಯೇ, ಆದರೆ ಅದು ಬೇರೆ ಹೇಸಿಗೆ. "ಹಂಗಾದ್ರ ಇದೇನು?" ಎಂದು ಚೀಲವನ್ನು ಬೆಂಚಿನ ಮೇಲೆ ಕುಕ್ಕಿದಳು. ಧ್ವನಿ ಮೊದಲಿನಷ್ಟು ಏರಲಿಲ್ಲ.

ಅವನು ದಿಂಬು ತೆಗೆದು ಕಲೆಯನ್ನು ಬೆಳಕಿಗೆ ಹಿಡಿದ. ಬೆರಳಿನಿಂದ ಒತ್ತಿದ. ಮುಖ ನಿಧಾನಕ್ಕೆ ಬಾಡಿತು.

"ಇದಕ್ಕ ನೀರು ಹಾಕೀರೇನ್ರಿ?"

"ಹಬಿ ಕೊಡಬೇಕಲ್ರಿ. ಹಬಿ ಇಲ್ಲದ ಇಸ್ತ್ರಿ ಕುಂದ್ರಂಗಿಲ್ಲ."

"ಹಬಿ," ಎಂದು ಹಣೆ ಚಚ್ಚಿಕೊಂಡ. "ಇಸ್ತ್ರಿ ಅಂದ್ರ ಬರೇ ಬಿಸಿ ಅಂತ ತಿಳಕೊಂಡೆ. ನೀರಿಂದು ನೆನಪಽ ಆಗಲಿಲ್ಲ. ಬರ್ರಿ ಹೊರಗ."

ಕತ್ತರಿಯಿಂದ ದಿಂಬಿನ ಹೊಲಿಗೆ ಬಿಚ್ಚಿ ಒಂದು ಹಿಡಿ ಹೊಟ್ಟು ತೆಗೆದ. ಹಳದಿಗಂದು ಬಣ್ಣ, ಹಿಟ್ಟಿನಷ್ಟು ಸಣ್ಣ, ಜರಡಿ ಹಿಡಿದದ್ದು. ಗಾಜಿನ ಲೋಟವೊಂದನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದ, ಕ್ಯಾನಿನ ನೀರು ತುಂಬಿದ. ಹೊಟ್ಟನ್ನು ಶುಭ್ರವಾದ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗೆ ಇಳಿಬಿಟ್ಟ. ಇಬ್ಬರೂ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತರು, ನಡುವೆ ಲೋಟ.

ನೀರು ಮೊದಲು ಹೊಂಬಣ್ಣಕ್ಕೆ ತಿರುಗಿತು, ಆಮೇಲೆ ಚಹಾದ ಬಣ್ಣಕ್ಕೆ. ಅವನು ಲೋಟವನ್ನು ಸೂರ್ಯನತ್ತ ವಾಲಿಸಿದ. ನೀರಿನ ಅಂಚಿನಲ್ಲಿ ತೆಳ್ಳಗೆ ನೀಲಿ ಮಿನುಗಿತು, ನವಿಲಿನ ಕತ್ತಿನ ನೀಲಿ. ಉಗುಳಿನಲ್ಲಿ ಆ ಬಣ್ಣವನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಹೊನ್ನಿ ಕಟ್ಟಿಗಿರಿ ಇದು. ಸಕ್ಕರಿ ಬ್ಯಾನಿ ಇದ್ದವ್ರು ಇದರ ಲೋಟಾದಾಗ ರಾತ್ರಿ ನೀರು ಇಟ್ಟು ಮುಂಜಾನಿ ಕುಡೀತಾರಲ್ಲ, ಆ ಲೋಟಾ ಕಡಿಯೋದು ನನ್ನ ಕೆಲಸ. ನಮ್ಮ ಮುತ್ಯಾನೂ ಕುಡೀತಿದ್ದ. ಸಾಗವಾನಿ ಹೊಟ್ಟು ಯಾರ ಬೇಕಾದ್ರೂ ತುಂಬ್ತಾರ. ನಿಮ್ಮ ಮೂಗಿಗಿ ಅಂತ ಇದನ್ನ ಕೂಡಿಸಾಕತ್ತಿದ್ದೆ. ಒಂದು ಲೋಟಾ ಕಡದ್ರ ಒಂದೀಟು ಬೀಳ್ತೈತಿ. ನೆಲಕ್ಕ ಬೀಳಬಾರದಂತ ಯಂತ್ರದ ಕೆಳಗ ಬಟ್ಟಿ ಹಾಸ್ತಿದ್ದೆ. ನಾಕ ತಿಂಗಳಾತು." ನಿಟ್ಟುಸಿರು ಬಿಟ್ಟ. "ನೀರಿಗಿ ಬಣ್ಣ ಬಿಡ್ತೈತಿ ಅಂತ ನನಗ ಗೊತ್ತಿರದ ಮತ್ಯಾರಿಗಿ ಗೊತ್ತಿರಬೇಕು? ಶ್ಯಾಣ್ಯಾತನ ಭಾಳ ಆತು, ಗಿರಾಕಿ ಬ್ಲೌಸ್ ಹಾಳ ಮಾಡಿದೆ."

ಇಷ್ಟು ಹೊತ್ತು ಹೊರಗೆ ಕಂಡದ್ದಕ್ಕೆಲ್ಲ ಹೇಸುತ್ತಿದ್ದ ಸುಮಂಗಲಾಳಿಗೆ ಈಗ ತನ್ನದೇ ನಾಲಿಗೆಯ ಮೇಲೆ ಹೇಸಿಗೆಯಾಯಿತು. ಹತ್ತು ಜನರ ಮುಂದೆ ಏನೆಲ್ಲ ಅಂದುಬಿಟ್ಟೆ! ನಾಲ್ಕು ತಿಂಗಳು ಅವಳಿಗಾಗಿ ಪುಡಿ ಜರಡಿ ಹಿಡಿದವನನ್ನು ಹೊಲಸು ಮನುಷ್ಯ ಅಂದಿದ್ದಳು. ಆ ಮಾತನ್ನು ಸೋಪು ಹಚ್ಚಿ ತೊಳೆಯಲು ಬರುವಂತಿದ್ದರೆ ಬಚ್ಚಲಿನಿಂದ ಈಚೆಗೇ ಬರುತ್ತಿರಲಿಲ್ಲ.

ಅವನು ಚೀಲದಿಂದ ಬ್ಲೌಸ್ ತೆಗೆದು ಮೊಣಕಾಲ ಮೇಲೆ ಹರಡಿದ. "ಯಾರದ್ರಿ ಇದು? ಅವ್ರಿಗಿ ನಾನಽ ಹೋಗಿ ತಪ್ಪಾತು ಅಂತ ಹೇಳ್ತೀನಿ. ಬ್ಯಾರೆ ಬಟ್ಟಿ ತಂದ್ ಕೊಡ್ತೀನಿ."

"ಹೋಗೂದು ಬ್ಯಾಡ."

"ಯಾಕ್ರಿ? ಭಾಳ ಸಿಟ್ಟಿನವ್ರೇನು?"

"ಭಾಳ."

"ಇರ್ಲಿ, ಬೈಸ್ಕೋತೀನಿ."

"ಬೈದು ಮುಗಿಸ್ಯಾಳ್ರಿ ಆಕಿ," ಎಂದಳು ಸುಮಂಗಲಾ. "ಈಗಷ್ಟ. ಎಲ್ಲಾರ ಮುಂದ."

ಗುರುಶಾಂತ ಬ್ಲೌಸ್ ನೋಡಿದ, ಅವಳ ಭುಜ ನೋಡಿದ, ಮತ್ತೆ ಬ್ಲೌಸ್ ನೋಡಿದ. ಅಳತೆ ಹಿಡಿಯುವುದು ಅವನ ಕಸುಬು, ಕಣ್ಣು ತಪ್ಪುವುದಿಲ್ಲ. ಕಿವಿಯ ತುದಿ ಕೆಂಪಾಯಿತು.

"ರೇಷ್ಮಿ ಐತಿ," ಎಂದ. "ದಿನಾ ಹಾಕೂದಲ್ಲ."

"ಅಲ್ಲ."

"ಯಾವಾಗ ಹಾಕೂದಿತ್ರಿ?"

ರೆಪ್ಪೆಯ ಮೇಲಿನ ಮರದ ಪುಡಿಯ ನಡುವಿನಿಂದ ಅವನು ಅವಳನ್ನೇ ನೋಡುತ್ತಿದ್ದ. ಅವಳು ಅವನ ಅಂಗಿಯ ಗುಂಡಿ ನೋಡಿದಳು, ಗೋಡೆ ನೋಡಿದಳು, ಗೋಡೆಯ ಮೇಲೆ ಉಗುಳು ಕಂಡು ತಿರುಗಿ ಅವನನ್ನೇ ನೋಡಬೇಕಾಯಿತು.

"ತಪ್ಪಾತ್ರಿ," ಎಂದಳು. "ನಾ ಅಂದದ್ದು ಭಾಳ ಹೊಲಸು ಮಾತು."

"ನನಗ ಬ್ಯಾಸರ ಆತು," ಎಂದ ಅವನು, ಮುಚ್ಚುಮರೆಯಿಲ್ಲದೆ. "ಸುಳ್ಳ್ಯಾಕ ಹೇಳ್ಲಿ. ಆದ್ರ ನಿಮ್ಮ ಮನಸಿನಾಗ ಒಂದು ಹನಿ ಅನುಮಾನ ಉಳದ್ರೂ ನಾ ಅವ್ವನ್ನ ಕರಕೊಂಡು ಬರಂಗಿಲ್ಲ. ನನ್ನ ನೋಡಿದಾಗೆಲ್ಲಾ ನಿಮಗ ಅಸಹ್ಯ ಆಗಬಾರದ್ರಿ. ಅಂಥಾ ಮನಿಯಾಗ ನಾ ಬದುಕಲಾರೆ."

ಲೋಟ ಎತ್ತಿ, ಬಟ್ಟೆಯ ಗಂಟು ತೆಗೆದಿಟ್ಟು, ಅರ್ಧ ನೀರು ಗಟಗಟ ಕುಡಿದ. ತನ್ನಲ್ಲಿ ಕೊಳಕೇನೂ ಇಲ್ಲವೆಂದು ತೋರಿಸಲು ಅವನಿಗೆ ಬೇರೆ ದಾರಿ ಹೊಳೆಯಲಿಲ್ಲವೇನೋ. ಮೀಸೆ ಒರೆಸಿಕೊಂಡು ಲೋಟವನ್ನು ಕಟ್ಟೆಯ ಮೇಲಿಟ್ಟ. ಅವನ ತುಟಿ ತಾಗಿದ ಕಡೆ ಗಾಜು ಇನ್ನೂ ಒದ್ದೆಯಿತ್ತು.

ಸುಮಂಗಲಾ ಆ ಒದ್ದೆಯನ್ನು ನೋಡಿದಳು. ಹೆತ್ತ ತಾಯಿ ಕಚ್ಚಿಕೊಟ್ಟ ಪೇರಲಹಣ್ಣನ್ನೂ ಅವಳು ಎಂದೂ ತಿಂದವಳಲ್ಲ. ಮೈಯೆಲ್ಲ ಬೇಡ ಎಂದಿತು. ಅವಳು ಲೋಟ ಎತ್ತಿದಳು.

"ಏ, ಅದು ನನ್ನ ಎಂಜಲ್ರಿ!" ಅವನು ಗಾಬರಿಯಿಂದ ಕೈ ಚಾಚಿದ. "ತಡೀರಿ, ಬ್ಯಾರೆ ಲೋಟಾ..."

ಅವಳು ತಡೆಯಲಿಲ್ಲ. ಅಂಚು ಒರೆಸಲಿಲ್ಲ, ತಿರುಗಿಸಿಯೂ ಹಿಡಿಯಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಉಳಿದ ಅರ್ಧವನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ಒಗರು ನಾಲಿಗೆಯನ್ನು ಹಿಡಿದುಕೊಂಡಿತು. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು.

"ಥೂ! ಅಸಹ್ಯ ಐತ್ರಿ!"

"ಏನು?" ಅವನ ಜೀವ ಹಾರಿತು.

"ನೀರ್ರಿ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನೀರಷ್ಟ. ನಾಳಿ ಅವ್ವನ್ನ ಹತ್ತು ಗಂಟೇಕ್ಕ ಕರಕೊಂಡು ಬರ್ರಿ, ಲೇಟ್ ಮಾಡಬ್ಯಾಡ್ರಿ."