ಮಂಚದ ಪಕ್ಕದ ಮೂರು ತಟ್ಟೆ

ಹುಳ ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನ ಬಾಕಿಯಿತ್ತು. ಬೆಳಗ್ಗೆ ಭದ್ರಮ್ಮ ಸೊಪ್ಪು ಹೊತ್ತು ಹುಳದ ಮನೆಗೆ ಬಂದರೆ, ಮೂರು ತಟ್ಟೆ ರೇಷ್ಮೆ ಹುಳ ಹಸಿರು ಕಕ್ಕಿಕೊಂಡು ಸತ್ತಿದ್ದವು.

“ಬಾಲರಾಜುನೇ ವಿಷ ಹಾಕವ್ನೆ ಮೇಡಮ್ನೋರೆ!” ಎಂದು ಪೊಲೀಸ್ ಠಾಣೆಗೆ ಓಡಿ ಬಾಯಿ ಬಡಿದುಕೊಂಡಳು.

ಎಸ್‌ಐ ಪ್ರತಿಮಾ ಕೈಲಾಂಚಕ್ಕೆ ಬಂದಾಗ ಊರೆಲ್ಲ ಅದನ್ನೇ ಹೇಳಿತು. ರಾಮನಗರ ಜಿಲ್ಲೆಯಾದ ಮರುವರ್ಷ ಅದು. ಬಿಡದಿ ಕಡೆಯ ಜಮೀನು ದಲ್ಲಾಳಿಗಳು ಇಲ್ಲಿಗೂ ಕಾಲಿಟ್ಟಿದ್ದರು. ಪಕ್ಕದ ಹೊಲದ ಬಾಲರಾಜು ಮಾರಲು ತಯಾರು. ಎರಡೂ ಹೊಲ ಒಟ್ಟಿಗೆ ಸಿಕ್ಕರೆ ಮಾತ್ರ ವ್ಯಾಪಾರ; ಆದರೆ ಭದ್ರಮ್ಮನ ಗಂಡ ಮರಿಯಪ್ಪ ಸುತರಾಂ ಒಪ್ಪಿರಲಿಲ್ಲ.

ಆ ಮರಿಯಪ್ಪ ಮಾತ್ರ ಹುಳದ ಮನೆಯ ಮೂಲೆಯಲ್ಲಿ ಮಂಚದ ಮೇಲೆ ಕೂತಿದ್ದ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಹೊಟ್ಟೆಗೆ ಮಲದ ಚೀಲ ಕಟ್ಟಿದ್ದರು. ಅಂದಿನಿಂದ ಒಬ್ಬನೇ ಇಲ್ಲಿ ಮಲಗುತ್ತಿದ್ದ.

“ಮೊನ್ನೆ ರಕ್ತದ ರಿಪೋರ್ಟ್ ಬಂತು,” ಭದ್ರಮ್ಮ ದನಿ ತಗ್ಗಿಸಿದಳು. “ಸಿಇಎ ಅಂತಾರಲ್ಲ, ಅದು ಒಸಿ ಏರೈತಂತೆ. ಏರುದ್ರೆ ಕ್ಯಾನ್ಸರ್ ಬ್ಯಾರೆ ಕಡೆ ಹಬ್ಬಿರ್ಬೋದಂತೆ. ಅವತ್ತಿಂದ ಮಾತೇ ಬುಟ್ಬುಟ್ರು.”

*

ಬಾಲರಾಜುವಿನ ಕೊಟ್ಟಿಗೆಯಲ್ಲಿ ಕೀಟನಾಶಕದ ಡಬ್ಬ ಸಿಕ್ಕಿತು.

“ಟೊಮೇಟೊಗೆ ಹೊಡ್ಯಕ್ಕೆ ಇಟ್ಟಿವ್ನಿ ಮೇಡಂ. ಮರಿಯಪ್ಪನ ಹುಳ ಸಾಯ್ಸಕ್ಕೆ ನಂಗೇನ್ ತಲೆ ಕೆಟ್ಟೈತಾ? ಒಟ್ಟಿಗೆ ಬೆಳ್ದೋರು ನಾವು.”

“ಹಾಗಿದ್ದರೆ ಆಪರೇಷನ್ ಆದಮೇಲೆ ನೋಡೋಕೆ ಯಾಕೆ ಹೋಗಲಿಲ್ಲ?”

ಬಾಲರಾಜು ನೆಲ ನೋಡಿದ. “ಹೋಗಿ ಏನ್ ಮಾತಾಡೋದು ಅಂತ...”

ಮರಿಯಪ್ಪನ ಆ ರಿಪೋರ್ಟ್ ಬಗ್ಗೆ ಕೇಳಲು ಪ್ರತಿಮಾ ಆಸ್ಪತ್ರೆಗೆ ಫೋನ್ ಮಾಡಿದಳು.

“ಸ್ಕ್ಯಾನ್ ರಿಪೋರ್ಟ್ ಈಗಷ್ಟೇ ಬಂತು, ಅದರಲ್ಲಿ ಏನೂ ಕಾಣಲಿಲ್ಲ,” ಎಂದರು ಡಾಕ್ಟರು. “ಬೀಡಿ ಸೇದೋರಿಗೂ ಅಷ್ಟು ಏರುತ್ತೆ. ಮರಿಯಪ್ಪನ್ನೇ ಕೇಳಿದೆ. ಹುಳ ಸಾಕೋರು ಬೀಡಿ ಮುಟ್ಟಲ್ಲ ಅಂದ್ರು.”

ಬಾಲರಾಜುವನ್ನು ಜೀಪು ಹತ್ತಿಸಿಕೊಂಡು ಪ್ರತಿಮಾ ಹುಳದ ಮನೆಗೆ ವಾಪಸು ಬಂದಳು.

*

“ಸೊಪ್ಪಿನಲ್ಲಿ ವಿಷ ಇದ್ದಿದ್ದರೆ ಎಲ್ಲ ತಟ್ಟೆಯೂ ಸಾಯಬೇಕಿತ್ತು. ಸತ್ತಿದ್ದು ಮಂಚದ ಪಕ್ಕದ ಮೂರೇ. ಅವಕ್ಕೆ ಸೊಪ್ಪು ಹಾಕಿದ್ದು ಯಾರು?” ಎಂದು ಪ್ರತಿಮಾ ಕೇಳಿದಳು.

“ಇವ್ರೇಯ,” ಎಂದಳು ಭದ್ರಮ್ಮ.

“ಮರಿಯಪ್ಪ, ಕೈ ತೋರಿಸಿ.”

ಬೆರಳ ತುದಿ ಹಳದಿಯಾಗಿತ್ತು. ಬೀಡಿ ಹಿಡಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ಕಕ್ಕಿ ಸಾಯುತ್ತದೆಂದು ಈ ಸೀಮೆಯ ಕೂಸಿಗೂ ಗೊತ್ತು.

“ದಿನಾ ತೋಟದಾಚೆ ಸೇದಿ, ಕೈ ತೊಳ್ಕೊಂಡ್ ಬತ್ತಿದ್ದೆ. ನೆನ್ನೆ ಏಳಕ್ಕೇ ಮನಸಾಗ್ನಿಲ್ಲ. ಹೆಂಗೂ ಸಾಯೋನು ಅಂತ ಇಲ್ಲೇ ಸೇದಿ, ಅದೇ ಕೈಲಿ ಸೊಪ್ಪು ಹಾಕ್ಬುಟ್ಟೆ.”

“ಸಾಯ್ತೀರಿ ಅಂತ ಯಾರಂದರು? ಸ್ಕ್ಯಾನ್‌ನಲ್ಲಿ ಏನೂ ಇಲ್ಲವಂತೆ. ರಕ್ತದಲ್ಲಿ ಏರಿದ್ದು ಈ ಬೀಡಿಯಿಂದಲೇ ಇರಬಹುದು. ಖಾತ್ರಿಯಿಲ್ಲ. ಬೀಡಿ ಬಿಟ್ಟು ಮತ್ತೆ ರಕ್ತ ಕೊಡಿ. ಬಾಲರಾಜು, ನೀನು ಮನೆಗೆ ಹೋಗು.”

ಬಾಲರಾಜು ಹೋಗಲಿಲ್ಲ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ.

ಮರಿಯಪ್ಪನಿಗೆ ಖುಷಿಯಾಗಬೇಕಿತ್ತು, ಪಾಪ. ಗೋಳೋ ಎಂದು ಅತ್ತ. “ಹಿಂಗೇ ಇನ್ನೂ ಬದುಕ್ಬೇಕಾ? ಹುಳ ಬುಟ್ರೆ ನಂಗ್ಯಾರವ್ರೆ? ಆಸ್ಪತ್ರೇಲಿ ಚೀಲ ನೋಡಿ ಇವ್ಳೇ ಸೆರಗಲ್ಲಿ ಮೂಗ್ ಮುಚ್ಕೊಂಡ್ಳು. ಅದ್ಕೇ ಇಲ್ಲಿ ಬಂದ್ ಬಿದ್ಕೊಂಡೆ.”

ಭದ್ರಮ್ಮ ಹೋಗಿ ಅವನಿಗೆ ಅಂಟಿಕೊಂಡೇ ಕೂತಳು.

“ವಾಸ್ನೆಗಲ್ಲ ಕಣ್ರೀ. ಅಳು ಬಂದಿತ್ತು. ನೀವು ನೋಡ್ಬಾರ್ದು ಅಂತ ಮುಚ್ಕೊಂಡೆ.”