ಕುಂಕುಮ ಹಚ್ಚು, ಓಟು ಕೇಳಬೇಡ

"ಎತ್ತಿಕೋ ಆ ಬಟ್ಟಲನ್ನ! ಎತ್ತಿಕೊಂಡು ಜೀಪು ಹತ್ತು!"

ಕೆರಿಯಮ್ಮ ದೂಡಿದ ಕುಂಕುಮದ ಬಟ್ಟಲು ನಡುಮನೆಯ ನೆಲದ ಮೇಲೆ ಸರಿದು ಬಂದು ಸೊಸೆ ಹೂವಮ್ಮನ ಕಾಲ ಬಳಿ ನಿಂತಿತು. ಅಂಗಳದಲ್ಲಿ ಬಾವುಟ ಕಟ್ಟಿದ ಜೀಪು ಗುಡುಗುಟ್ಟುತ್ತಿತ್ತು. ಸಾಗರದ ಆ ಮನೆಯಲ್ಲಿ ಬೆಳಗಿನಿಂದ ಬಿಟ್ಟಿ ಚಹಾ ಕುಡಿದು ಗೆಲುವಿನ ಲೆಕ್ಕ ಹಾಕುತ್ತಿದ್ದ ಬೆಂಬಲಿಗರೆಲ್ಲ ಈಗ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ೧೯೮೩ರ ಚುನಾವಣೆಗೆ ಉಳಿದದ್ದು ಒಂದು ವಾರ. ಶಾಸಕ ನಾಗರಾಜಪ್ಪ ಮತ್ತೆ ಗೆಲ್ಲಬೇಕಾದರೆ ಹಿನ್ನೀರಿನ ಆಚೆ ದಡದ ನೆಲ್ಲಿಹಕ್ಲು ಕೈ ಹಿಡಿಯಲೇಬೇಕು. ನೆಲ್ಲಿಹಕ್ಲು ಅವನ ಹೆಂಡತಿಯ ತವರು. ಆ ಹೆಂಡತಿಯೇ ಈಗ ಹೊರಡುವುದಿಲ್ಲ ಎಂದು ನಿಂತುಬಿಟ್ಟಿದ್ದಳು!

"ನಾ ಹೋಗಲ್ಲ ಅತ್ತೆ. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಮುಖವಂತೆ ಮುಖ! ನನ್ನ ಮಗ ಎಮ್ಮೆಲ್ಲೆ ಆಗಿದ್ದಕ್ಕಲ್ವೇನೇ ನಾಲ್ಕು ಜನ ನಿನ್ನ ಮುಖ ನೋಡಿದ್ದು? ಓಟು ಕೇಳೋಕೆ ಹೋಗಲ್ಲ ಅಂದ್ರೆ ಈ ಹೊಸ್ತಿಲು ದಾಟಿ ಹೋಗು. ತಿರುಗಿ ಬರಬೇಡ!"

ಕೆರಿಯಮ್ಮ ಕೆಟ್ಟವಳೆಂದು ಒಂದೇ ಏಟಿಗೆ ತೀರ್ಮಾನಿಸುವುದು ಬೇಡ. ಒಡೆಯರ ಅಂಗಳದಲ್ಲಿ ಗೇಣಿಯ ಭತ್ತ ಅಳೆದು ಕೊಟ್ಟು, ಜಗಲಿ ಹತ್ತುವ ಧೈರ್ಯವಿಲ್ಲದೆ ತಲೆ ತಗ್ಗಿಸಿ ಹಿಂತಿರುಗುತ್ತಿದ್ದ ಹೆಂಗಸು ಅವಳು. ಎಪ್ಪತ್ತೆರಡರಲ್ಲಿ ಮಗ ಮೊದಲ ಸಲ ನಿಂತು ಸೋತಾಗ ಆ ಮನೆಯವರು ಪಟಾಕಿ ಹೊಡೆದದ್ದನ್ನು ಕಿವಿಯಾರೆ ಕೇಳಿದ್ದಳು. ಎಪ್ಪತ್ತೆಂಟರಲ್ಲಿ ಮಗ ಗೆದ್ದ ಮಾರನೆಯ ದಿನವೇ ಹೋಗಿ, ಅದೇ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತು, ಎಲೆ ಅಡಿಕೆ ಮೆದ್ದು ಬಂದಿದ್ದಳು. ಮಗನ ಪದವಿ ಕೈತಪ್ಪಿದರೆ ತಾನು ಮತ್ತೆ ಆ ಅಂಗಳಕ್ಕೇ ಇಳಿದಂತೆ ಎಂಬುದು ಅವಳ ಭಯ.

ಆದರೆ ಆ ಗೆಲುವು ಬಂದದ್ದು ಹೂವಮ್ಮನ ಕುಂಕುಮದಿಂದ. ಅಣೆಕಟ್ಟೆಯ ನೀರು ಗದ್ದೆಗಳನ್ನೆಲ್ಲ ನುಂಗಿದ ಮೇಲೆ ನೆಲ್ಲಿಹಕ್ಲಿನವರಿಗೆ ಪೇಟೆ ಸೇರಲು ಕೈದೋಣಿಯೊಂದೇ ಗತಿಯಾಗಿತ್ತು. ಹೊಳೆಬಾಗಿಲಿನ ಕಡವಿನಲ್ಲಿ ಸಿಗಂದೂರಿನ ಭಕ್ತರನ್ನು ದಾಟಿಸುವ ಲಾಂಚನ್ನು ಇವರು ನೋಡಿ ಬರುತ್ತಿದ್ದರು, ಅಷ್ಟೇ. ಎಪ್ಪತ್ತೆಂಟರಲ್ಲಿ ಹೂವಮ್ಮ ತವರಿನ ಮನೆಮನೆಗೂ ಹೋಗಿ, ಹೆಂಗಸರ ಹಣೆಗೆ ಕುಂಕುಮ ಹಚ್ಚಿ, "ಇವರು ಗೆದ್ರೆ ನಮ್ಮೂರಿಗೂ ಲಾಂಚ್ ಬರುತ್ತೆ. ಇದು ನನ್ನ ಮಾತು" ಎಂದಿದ್ದಳು. ಊರಿನ ಮಗಳು ಹಣೆ ಮುಟ್ಟಿ ಹೇಳಿದ ಮಾತಲ್ಲವೇ? ಊರಿಗೆ ಊರೇ ಓಟು ಹಾಕಿತು. ಲಾಂಚ್ ಮಾತ್ರ ಬರಲಿಲ್ಲ. ಈ ವರ್ಷ, ಮುಂದಿನ ವರ್ಷ ಎನ್ನುತ್ತ ನಾಗರಾಜಪ್ಪ ಬೆಂಗಳೂರಿಗೆ ಓಡಾಡಿದ, ಹಾರ ಹಾಕಿಸಿಕೊಂಡ, ಕೊನೆಗೆ ಮರೆತೇಬಿಟ್ಟ.

ಎಂಬತ್ತೊಂದರ ಆಷಾಢದಲ್ಲಿ ಹೂವಮ್ಮನ ಅಣ್ಣ ಬೆಳ್ಳಪ್ಪನ ಹೆಂಡತಿ ವರದಮ್ಮನಿಗೆ ಹೆರಿಗೆ ನೋವು ಬಂತು. ಗಾಳಿಗೆ ಹಿನ್ನೀರು ಎದ್ದು ಕುಣಿಯುತ್ತಿತ್ತು. ದೋಣಿ ನೀರಿಗಿಳಿಸಲು ಯಾರಿಗೂ ಆಗಲಿಲ್ಲ. ಕಂಬಳಿ ಹೊದಿಸಿ ದಡದಲ್ಲಿ ಮಲಗಿಸಿದ್ದ ವರದಮ್ಮ, ಆಚೆ ದಡ ನೋಡುತ್ತ ನೋಡುತ್ತಲೇ ಕಣ್ಣು ಮುಚ್ಚಿದಳು... ಮಗುವೂ ಉಳಿಯಲಿಲ್ಲ! ಮರುದಿನ ನಾಗರಾಜಪ್ಪನಿಗೆ ತೀರ್ಥಹಳ್ಳಿಯಲ್ಲಿ ದೊಡ್ಡ ಸಮಾರಂಭವಿತ್ತು. "ಸತ್ತವರು ಎದ್ದು ಬರ್ತಾರಾ? ಮೊದಲು ಮಂತ್ರಿಗಳ ಜೊತೆ ವೇದಿಕೆ ಹತ್ತು" ಎಂದು ಕೆರಿಯಮ್ಮ ಮಗನನ್ನು ಆ ಕಡೆ ಕಳಿಸಿದಳು. ಹೂವಮ್ಮ ಒಬ್ಬಳೇ ಹೋಗಿ ಅತ್ತಿಗೆಯ ಮಣ್ಣಿಗೆ ನಿಂತಳು. ಅಂದು ತವರಿನಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ!

"ಹೂವಿ, ಇದೊಂದು ಸಲ..." ನಾಗರಾಜಪ್ಪ ದನಿ ತಗ್ಗಿಸಿದ. "ನೀನು ಬರದಿದ್ರೆ ನಾನು ಸೋತ ಹಾಗೇ."

ಹೂವಮ್ಮ ಬಗ್ಗಿ ಬಟ್ಟಲನ್ನೆತ್ತಿ ಸೆರಗಿನಿಂದ ಒರೆಸಿದಳು.

"ಬರ್ತೀನಿ. ಆದ್ರೆ ನೀವು ಜೀಪಿನ ಹತ್ರ ನಿಲ್ಲೋದಲ್ಲ. ದೋಣಿ ಹತ್ತಿ ನನ್ನ ಜೊತೆ ಬರಬೇಕು. ಅಣ್ಣನ ಎದುರು ನಿಲ್ಲಬೇಕು."

ಕೆರಿಯಮ್ಮನ ಮುಖ ಅರಳಿತು. ಸೊಸೆ ಸೋತಳೆಂದೇ ಅವಳು ತಿಳಿದಳು.

ನೆಲ್ಲಿಹಕ್ಲಿನಲ್ಲಿ ಬೆಳ್ಳಪ್ಪ ಭಾವನಿಗೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಕಂಬಕ್ಕೆ ಒರಗಿ ಕುಳಿತ. ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಎಲ್ಲರಿಗಿಂತ ಹಿರಿಯಳಾದ ದುಗ್ಗಮ್ಮ ಮುಂದೆ ಬಂದು ಹಣೆಯೊಡ್ಡಿದಳು.

"ಕುಂಕುಮ ಹಚ್ಚು ಮಗಳೇ. ಕುಂಕುಮಕ್ಕೆ ಬೇಡ ಅನ್ನಬಾರದು. ಆದ್ರೆ ಓಟು ಮಾತ್ರ ಕೇಳಬೇಡ."

ಜೊತೆಗೆ ಬಂದಿದ್ದ ಬೆಂಬಲಿಗರು ಮುಖ ಮುಖ ನೋಡಿಕೊಂಡರು. ಹೂವಮ್ಮ ಕುಂಕುಮ ಹಚ್ಚಿದಳು. ಆಮೇಲೆ ಬಟ್ಟಲನ್ನು ತುಳಸಿಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಕೇಳೋಕೆ ಬಂದಿಲ್ಲ ದುಗ್ಗಮ್ಮತ್ತೆ. ಒಪ್ಪಿಕೊಳ್ಳೋಕೆ ಬಂದಿದೀನಿ. ಅವತ್ತು ಮಾತು ಕೊಟ್ಟೋಳು ನಾನು. ಅದು ಸುಳ್ಳಾಯ್ತು. ನನ್ನ ಅತ್ತಿಗೆ ಆ ದಡದಲ್ಲಿ... ಆ ದಡದಲ್ಲಿ..." ಕಣ್ಣೊರೆಸಿಕೊಂಡು ಮತ್ತೆ ತಲೆಯೆತ್ತಿದಳು. "ನನ್ನ ಮುಖ ನೋಡಿ ಯಾರೂ ಓಟು ಹಾಕಬೇಡಿ. ಇವರು ಇಲ್ಲೇ ಇದಾರೆ. ಕೇಳೋದಿದ್ರೆ ಇವರನ್ನೇ ಕೇಳಿ."

ಯಾರೂ ಕೇಳಲಿಲ್ಲ. ಬೆಳ್ಳಪ್ಪ ಮಾತ್ರ ಮೆಲ್ಲಗೆ, "ಭಾವ, ವರದಮ್ಮ ಕೊನೇವರೆಗೂ ನೀವು ಏನಾದ್ರೂ ಕಳಿಸ್ತೀರಿ ಅಂತಿದ್ಲು" ಎಂದ. ವಿಧಾನಸಭೆಯಲ್ಲಿ ಗಂಟೆಗಟ್ಟಲೆ ಮಾತಾಡಿದ್ದ ನಾಗರಾಜಪ್ಪ ಎದ್ದು ದೋಣಿಯ ಕಡೆ ನಡೆದ.

ಹಿಂತಿರುಗುವಾಗ ದೋಣಿಯಲ್ಲಿ ಅವನು ಹಲ್ಲು ಕಚ್ಚಿದ. "ನನ್ನ ಕುತ್ತಿಗೆ ಕುಯ್ದೆಯಲ್ಲೇ!"

"ನೀವು ಸೋತ್ರೆ ಮನೆಗೆ ಬರ್ತೀರಿ. ವರದಮ್ಮ ಬರಲ್ಲ" ಎಂದಳು ಹೂವಮ್ಮ.

ನಾಗರಾಜಪ್ಪ ಸೋತ. ಒಡೆಯರ ಕಡೆ ಮತ್ತೆ ಪಟಾಕಿ ಹಾರಿತು. ಮನೆ ತುಂಬಿದ್ದ ಬೆಂಬಲಿಗರು ಸಂಜೆಯೊಳಗೆ ಗೆದ್ದವನ ಅಂಗಳಕ್ಕೆ ಗುಳೆ ಎದ್ದರು. ಅಲ್ಲಿಯೂ ಚಹಾ ಬಿಟ್ಟಿಯೇ. ಕೆರಿಯಮ್ಮ ಸೊಸೆಯನ್ನು ಹೊಸ್ತಿಲಾಚೆ ತಳ್ಳಲಿಲ್ಲ, ಆದರೆ ಅವಳ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳಲಿಲ್ಲ. ಹೂವಮ್ಮ ದಿನವೂ ಅನ್ನ ಬಡಿಸಿ ಇಟ್ಟಳು, ದಿನವೂ ಆ ತಟ್ಟೆಯನ್ನು ಹಾಗೆಯೇ ಎತ್ತಿದಳು. ಅಳಲಿಲ್ಲ. ತಾನು ಮಾಡಿದ್ದು ಸರಿ ಎಂಬುದೊಂದು ಅವಳನ್ನು ನಿಲ್ಲಿಸಿತ್ತು.

ಆದರೆ ಬೆಳ್ಳಪ್ಪನ ಆ ಮಾತು ನಾಗರಾಜಪ್ಪನನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಅವನು ಇಸ್ತ್ರಿ ಇಲ್ಲದ ಅಂಗಿ ತೊಟ್ಟು, "ಶಿವಮೊಗ್ಗಕ್ಕೆ ಹೋಗಿ ಬರ್ತೀನಿ. ಲಾಂಚಿನ ಅರ್ಜಿ ಎಲ್ಲಿ ಬಿದ್ದಿದೆಯೋ ನೋಡ್ಬೇಕು" ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದ. ಅಲ್ಲಿನ ಕಚೇರಿಯಲ್ಲಿ, ಹಿಂದೆ ಎದ್ದು ನಿಂತು ಕೈ ಮುಗಿಯುತ್ತಿದ್ದ ಗುಮಾಸ್ತರು, "ಮಾಜಿಗಳು ಬಂದ್ರು" ಎಂದು ನಕ್ಕರು. ಬಡವರೊಡನೆ ಬೆಂಚಿನ ಮೇಲೆ ಕುಳಿತು ಕಾದ. ಮತ್ತೆ ಹೋದ. ಮತ್ತೂ ಹೋದ. ತನ್ನನ್ನು ಸೋಲಿಸಿದ ಹೊಸ ಶಾಸಕನ ಮನೆ ಬಾಗಿಲಿಗೂ ಹೋಗಿ, "ಹೆಸರು ನಿಮ್ಮದಾಗಲಿ, ಲಾಂಚ್ ಬರಲಿ" ಎಂದು ಕೈ ಮುಗಿದ.

ಎಂಬತ್ತನಾಲ್ಕರ ಕೊನೆಗೆ ಲಾಂಚ್ ಬಂತು! ವೇದಿಕೆಯ ಮೇಲೆ ಹೊಸ ಶಾಸಕನಿದ್ದ, ಕಲ್ಲಿನ ಮೇಲೆ ಅವನ ಹೆಸರಿತ್ತು. ನಾಗರಾಜಪ್ಪ ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದ. ಮನೆಗೆ ಬಂದಾಗ ಕೆರಿಯಮ್ಮ ಬಾಗಿಲಲ್ಲೇ ಕಾದಿದ್ದಳು.

"ಕಲ್ಲಿನಲ್ಲಿ ನಿನ್ನ ಹೆಸರು ಹಾಕ್ಲಿಲ್ವಂತೆ?"

"ಇಲ್ಲ ಅವ್ವ."

"ಮತ್ತೆ ಯಾಕೋ ಇಷ್ಟು ಖುಷಿಯಾಗಿದೀಯ?"

ಮುದುಕಿ ಮಗನ ಮುಖವನ್ನೇ ನೋಡಿದಳು. ಗೆದ್ದ ದಿನವೂ ಆ ಮುಖ ಹೀಗಿರಲಿಲ್ಲ. ಅಂದು ಸೊಸೆ ಬಡಿಸಿದ ತಟ್ಟೆಯನ್ನು ಅವಳು ಹತ್ತಿರಕ್ಕೆ ಎಳೆದುಕೊಂಡು ಉಂಡಳು. ಹೂವಮ್ಮ ಒಲೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಂಬತ್ತೈದರಲ್ಲಿ, ಅವಧಿ ಮುಗಿಯುವ ಮೊದಲೇ ಮತ್ತೆ ಚುನಾವಣೆ ಬಂತು. ನಾಗರಾಜಪ್ಪ ಮತ್ತೆ ನಿಂತ. ಈ ಸಲ ನೆಲ್ಲಿಹಕ್ಲಿಗೆ ಹೋಗೆಂದು ಹೂವಮ್ಮನಿಗೆ ಯಾರೂ ಹೇಳಲಿಲ್ಲ. ಅವಳೇ ಹೊರಟು ನಿಂತಾಗ ಕೆರಿಯಮ್ಮ ಕುಂಕುಮದ ಬಟ್ಟಲು ಹಿಡಿದು ಒಳಗಿನಿಂದ ಬಂದಳು.

"ನಾನೂ ಬರ್ತೀನಿ" ಎಂದಳು.

ಲಾಂಚ್ ಆಚೆ ದಡ ಮುಟ್ಟಿದಾಗ ಹೆಂಗಸರೆಲ್ಲ ಅಲ್ಲಿಗೇ ಬಂದಿದ್ದರು. ಹೂವಮ್ಮ ಬಟ್ಟಲಿಗೆ ಬೆರಳು ಹಾಕುವ ಮೊದಲೇ ದುಗ್ಗಮ್ಮ ಅದನ್ನು ತೆಗೆದುಕೊಂಡು ಅವಳ ಹಣೆಗೆ ಅಗಲವಾಗಿ ಕುಂಕುಮ ಹಚ್ಚಿದಳು.

"ಈಗ ಕೇಳು ಮಗಳೇ."

ಹೂವಮ್ಮನ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು... ಅಷ್ಟರಲ್ಲಿ ಕೆರಿಯಮ್ಮ ಸೊಸೆಯ ಭುಜ ಹಿಡಿದು ದಡಕ್ಕಿಳಿದಳು. ಯಾರ ಮುಂದೆಯೂ ತಲೆ ತಗ್ಗಿಸೆನೆಂದು ಹಟ ತೊಟ್ಟಿದ್ದ ಮುದುಕಿ ಬೆಳ್ಳಪ್ಪನ ಎದುರು ಹೋಗಿ ನಿಂತಳು.

"ಅವತ್ತು ಮಣ್ಣಿಗೆ ಬರೋನನ್ನ ತಡೆದೋಳು ನಾನೇ ಕಣಪ್ಪ. ಓಟು ಆಮೇಲೆ. ವರದಮ್ಮನ್ನ ಎಲ್ಲಿ ಮಲಗಿಸಿದ್ರಿ? ಮೊದಲು ಅಲ್ಲಿಗೆ ಕರ್ಕೊಂಡು ಹೋಗು."

ಬೆಳ್ಳಪ್ಪ ಅವಳ ಕೈ ಹಿಡಿದುಕೊಂಡು ಮುಂದೆ ನಡೆದ.